ಹವಳದ ದಿಬ್ಬದಲ್ಲಿ ಮುಳುಗಿದ ಪಂಡೋರಾ

ಹವಳವೆಂದೊಡನೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಕೊರಳ ಸರದ ಕೆಂಪು ಮಣಿ ನೆನಪಾಗುವುದು. ನಾವಿಕನಿಗಾದರೋ ಅದೇ ಹೆಸರು ಎದೆ ನಡುಗಿಸುವುದು. ಆಭರಣದ ಹವಳಕ್ಕೆ ದೂರದ ಬಂಧುಗಳಾದ ಬೇರೊಂದು ಜಾತಿಯ ಕಿರುಜೀವಿಗಳು ಬೆಚ್ಚನೆಯ ಕಡಲಿನಲ್ಲಿ ಸುಣ್ಣದ ಗೂಡುಗಳನ್ನು ಕಟ್ಟುತ್ತ, ಸಾವಿರಾರು ವರ್ಷಗಳಲ್ಲಿ ಮೈಲಿಗಟ್ಟಲೆ ದಿಬ್ಬಗಳನ್ನು ಬೆಳೆಸುವುವು. ಹಂಪೆಯ ಬಳಿ ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವನಿಗೆ ನೀರು ಸೀಳುವ ರೀತಿಯಿಂದಲೇ ಬಂಡೆಯ ಸುಳಿವು ಸಿಕ್ಕುವುದು. ಹವಳದ ದಿಬ್ಬವು ಹಾಗಲ್ಲ. ಅಗಾಧವಾದ ಆಳದಿಂದ ಗೋಡೆಯಂತೆ ನೆಟ್ಟಗೆ ಎದ್ದು, ನೀರಿನ ಮಟ್ಟಕ್ಕೆ ತುಸುವೇ ಕೆಳಗೆ ಅಡಗಿರುವುದು. ಆಳ ನೋಡಲು ಇಳಿಬಿಟ್ಟ ಗುಂಡು ತಳವನ್ನು ಮುಟ್ಟುವಷ್ಟರಲ್ಲಿ ಹಡಗೇ ದಿಬ್ಬವನ್ನು ಮುಟ್ಟಿರುವುದುಂಟು.

ಆಂಗ್ಲರ ನೌಕಾಸೇನೆಯ ಪಂಡೋರಾ ಎಂಬ 24 ಫಿರಂಗಿಗಳ ಯುದ್ಧನೌಕೆಗೆ ಒದಗಿದ ಗತಿಯು ಇಂತಹದೇ. 1789ರಲ್ಲಿ ಶಾಂತಸಾಗರದಲ್ಲಿ ಬೌಂಟಿಯೆಂಬ ಹಡಗಿನ ಕೆಲವರು ದಂಗೆಯೆದ್ದು, ಕಪ್ತಾನ ಬ್ಲೈನನ್ನು ದೋಣಿಯಲ್ಲಿ ಹೊರದೂಡಿದರು. ಅವರನ್ನು ಹಿಡಿತರಲು 1790ರ ನವೆಂಬರಿನಲ್ಲಿ ಕಪ್ತಾನ ಎಡ್ವರ್ಡ್ಸನು ಪಂಡೋರಾದಲ್ಲಿ ಹೊರಟನು. ತಾಹಿತಿ ದ್ವೀಪದಲ್ಲಿ 14 ಮಂದಿ ಸೆರೆಸಿಕ್ಕರು. ದಂಗೆಗೆ ಸೇರದೆ ಹಡಗಿನಲ್ಲಿ ಉಳಿಯಬೇಕಾಗಿ ಬಂದವರೂ ಅವರಲ್ಲಿದ್ದರು. ಎಡ್ವರ್ಡ್ಸನು ಈ ಭೇದವೆಣಿಸದೆ, ಹಡಗಿನ ಮೇಲ್ಗಟ್ಟಿನಲ್ಲಿ ಮರದ ಪಂಜರವೊಂದನ್ನು ಕಟ್ಟಿಸಿ, ಎಲ್ಲರನ್ನೂ ಕೈಕಾಲುಗಳಿಗೆ ಸಂಕೋಲೆ ತೊಡಿಸಿ ಅದರೊಳಗೆ ಕೂಡಿದನು. ಬಾಗಿಲೆಂಬುದು ಮಾಡಿನಲ್ಲಿದ್ದ ಒಂದು ಕಿರುಗಂಡಿ ಮಾತ್ರ.

ಆಸ್ಟ್ರೇಲಿಯದ ಈಶಾನ್ಯಕ್ಕಿರುವ ಮಹಾ ಹವಳದಿಬ್ಬದಲ್ಲಿ ಹಾದಿಯನ್ನು ಅರಸುತ್ತಿದ್ದಾಗ, 1791ರ ಆಗಸ್ಟ್ 28ರ ರಾತ್ರಿ ನೌಕೆಯು ದಿಬ್ಬಕ್ಕೆ ತಾಕಿತು. ಚುಕ್ಕಾಣಿ ಕಿತ್ತುಹೋಯಿತು, ತಳ ಒಡೆದು ನೀರು ನುಗ್ಗಿತು. ನೀರೆತ್ತುವ ಯಂತ್ರಗಳನ್ನು ನಡೆಸಲು ಮೂವರು ಬಂದಿಗಳನ್ನು ಹೊರಕ್ಕೆ ಬಿಟ್ಟರು, ಮಿಕ್ಕವರಿಗೆ ಬಿಡುಗಡೆಯಿಲ್ಲ. ಇರುಳೆಲ್ಲ ದುಡಿದರೂ ನೀರೇ ಗೆದ್ದಿತು. ಮುಂಜಾನೆ ಹಡಗು ವಾಲತೊಡಗಿದಾಗ, ಕಮ್ಮಾರನ ಸಹಾಯಕನು ಪಂಜರದೊಳಕ್ಕೆ ಇಳಿದು ಸಂಕೋಲೆಗಳನ್ನು ಕಳಚತೊಡಗಿದನು. ಅಷ್ಟರಲ್ಲಿ ಮೇಲಿನ ಗಂಡಿಗೆ ಅಗುಳಿ ಬಿದ್ದಿತು! ಒಳಗಿನ ಆರ್ತಸ್ವರವನ್ನು ಕೇಳಿದವನು ವಿಲಿಯಂ ಮೌಲ್ಟರನೆಂಬ ಬೋಸನ್ ಸಹಾಯಕ. ಅವನು ತನ್ನ ಪ್ರಾಣದ ಹಂಗು ತೊರೆದು, ಮುಳುಗುತ್ತಿದ್ದ ಹಡಗಿನ ಮೇಲೆ ತೆವಳುತ್ತ ಹೋಗಿ ಅಗುಳಿಯನ್ನು ಎಳೆದನು. ಹತ್ತು ಮಂದಿ ಬಂದಿಗಳು ಬದುಕಿದರು, ನಾಲ್ವರು ಮಡಿದರು. ಹಡಗಿನವರಲ್ಲಿ 31 ಮಂದಿ ನೀರುಪಾಲಾದರು.

ಉಳಿದ 99 ಜನರು ಬಳಿಯ ಮರಳುದಿಬ್ಬವನ್ನು ಸೇರಿದರು. ಬಂದಿಗಳಿಗೆ ನೆರಳನ್ನೂ ಕೊಡದುದರಿಂದ ಅವರು ಉರಿಬಿಸಿಲಿಗೆ ಮರಳಿನಲ್ಲಿ ಕತ್ತಿನವರೆಗೆ ಹೂತುಕೊಂಡಿದ್ದರು. ಬಳಿಕ ನಾಲ್ಕು ತೆರೆದ ದೋಣಿಗಳಲ್ಲಿ ಸಾವಿರ ಮೈಲಿಗೂ ಹೆಚ್ಚು ಸಾಗಿ, ಸೆಪ್ಟೆಂಬರಿನ ನಡುವೆ ಎಲ್ಲರೂ ತಿಮೋರ್ ದ್ವೀಪವನ್ನು ಮುಟ್ಟಿದರು. 1792ರಲ್ಲಿ ವಿಚಾರಣೆಗಳು ನಡೆದುವು. ನೌಕೆಯ ನಷ್ಟಕ್ಕೆ ಎಡ್ವರ್ಡ್ಸನು ಹೊಣೆಯಲ್ಲವೆಂದು ತೀರ್ಪಾಯಿತು. ಹತ್ತು ಬಂದಿಗಳಲ್ಲಿ ನಾಲ್ವರು ನಿರಪರಾಧಿಗಳೆಂದು ಬಿಡುಗಡೆ ಹೊಂದಿದರು, ಮೂವರು ಗಲ್ಲಿಗೇರಿದರು, ಮರಣದಂಡನೆ ವಿಧಿಸಲ್ಪಟ್ಟಿದ್ದ ಇನ್ನು ಮೂವರು ಪಾರಾದರು. ಅಂದು ಅಗುಳಿ ತೆಗೆಯದಿದ್ದರೆ ನ್ಯಾಯಾಸನವು ಯಾರನ್ನು ತಾನೆ ಬಿಡುಗಡೆ ಮಾಡುತ್ತಿತ್ತು?

1977ರಲ್ಲಿ ಮುಳುಗುಗಾರರು ಈ ನೌಕೆಯ ಅವಶೇಷವನ್ನು ಸುಮಾರು 30 ಮೀಟರಿಗೂ ಹೆಚ್ಚಿನ ಆಳದಲ್ಲಿ ಕಂಡರು. ಅಲ್ಲಿ ದೊರೆತ ವಸ್ತುಗಳಲ್ಲಿ ಹಡಗಿನ ವೈದ್ಯನದೆಂದು ನಂಬಲಾದ ಬೆಳ್ಳಿಯ ಗಡಿಯಾರವೂ ಉಂಟು. ಟೌನ್ಸ್‌ವಿಲ್ ಪಟ್ಟಣದ ವಸ್ತುಸಂಗ್ರಹಾಲಯವು ಅವನ್ನು ಕಾದಿರಿಸಿದೆ.

ಕ್ಷಮೆ ಪಡೆದವರಲ್ಲಿ ಪೀಟರ್ ಹೇವುಡ್ ಎಂಬವನು ಮುಳುಗಡೆಯ ಕಾಲಕ್ಕೆ 19 ವರ್ಷದ ತರುಣ. ಅವನು ಮುಂದೆ ನೌಕಾಸೇನೆಯಲ್ಲಿ ಕಪ್ತಾನನಾಗಿ, ಹಿಂದೂ ಮಹಾಸಾಗರದ ತೀರಗಳನ್ನು ಅಳೆದು ನಕ್ಷೆಗಳನ್ನು ಬರೆದನು. ಕಾಣದ ದಿಬ್ಬದಿಂದ ಸಾವಿನ ಬಾಯಿಗೆ ಬಿದ್ದವನು ಪರರ ಹಾದಿಯನ್ನು ಕಾಣುವಂತೆ ಮಾಡಿದನು. ಅವನನ್ನು ಉಳಿಸಿದ ಮೌಲ್ಟರನ ಹೆಸರನ್ನು ಆ ದಿಬ್ಬದ ಬಳಿಯ ಮರಳುದ್ವೀಪವೊಂದಕ್ಕೆ ಇಟ್ಟಿದ್ದಾರೆ. ಆಜ್ಞೆಯನ್ನು ಪಾಲಿಸುವವರು ಬಹುಮಂದಿ. ಆಜ್ಞೆಯ ಅಗುಳಿಯನ್ನು ಯಾವ ಗಳಿಗೆಯಲ್ಲಿ ತೆಗೆಯಬೇಕೆಂದು ಬಲ್ಲವರು ವಿರಳ.