ಬ್ಯಾಡಗಿ ಮೆಣಸಿನಕಾಯಿ: ನಾಮ-ಲಕ್ಷಣ ವಿಚಾರ

ಅಂಚೆಯಲ್ಲಿ ತರಿಸಿದ ಸಸಿಯ ಚೀಟಿಯ ಮೇಲೆ ‘ಬ್ಯಾಡಗಿ’ ಎಂದು ಬರೆದಿದ್ದ ಮಾತ್ರಕ್ಕೆ ಕುಂಡದಲ್ಲಿ ಬೆಳೆದುದು ಆ ತಳಿಯೇ ಎಂದು ನಿಶ್ಚಯಿಸಲಾಗದು. ಬ್ಯಾಡಗಿಯೆಂಬುದು ಹಾವೇರಿ ಜಿಲ್ಲೆಯ ಊರು; ಅಲ್ಲಿಯ ಪೇಟೆಯಲ್ಲಿ ಮಾರಿದ ಕಾಯಿಗೆ ಊರ ಹೆಸರೇ ರೂಢವಾಯಿತು. ಆ ಪೇಟೆಗೆ ಇಂದು ಆಂಧ್ರದ ಕಾಯಿಯೂ ಬರುತ್ತದೆ. ಹೆಸರಿನ ಗತಿಯೇ ಹೀಗೆ: ಸಂಸ್ಕೃತದ ‘ಮರೀಚ’ವು ಕಾಳುಮೆಣಸು, ಪೋರ್ತುಗೀಸರೊಡನೆ 16ನೆಯ ಶತಮಾನದಲ್ಲಿ ಅಮೆರಿಕೆಯಿಂದ ಬಂದ ಈ ಕಾಯಿಯು ‘ಮೆಣಸು’ ಎಂಬ ಹಳೆಯ ಹೆಸರನ್ನೇ ಹೊದ್ದುಕೊಂಡಿತು. ಆದುದರಿಂದ ಲಕ್ಷಣವನ್ನೇ ಪ್ರಮಾಣವಾಗಿ ಹಿಡಿಯತಕ್ಕುದು.

ಬೀಜದಿಂದಾಗಲಿ ಎಳೆಯ ಎಲೆಯಿಂದಾಗಲಿ ಭೇದವು ತಿಳಿಯದು. ಕಾಯಿಗಳು ಮೇಲ್ಮುಖವಾಗಿ ನಿಂತರೆ ಅದು ಬ್ಯಾಡಗಿಯಲ್ಲ; ಇದರ ಕಾಯಿ ಜೋಲುವಂಥದು. ಒಣಗಿದ ಮೇಲೆ ಸಿಪ್ಪೆಯಲ್ಲಿ ಸುಕ್ಕು ದಟ್ಟವಾಗಿ ಮೂಡಬೇಕು, ಬಣ್ಣ ಕಡುಗೆಂಪಾಗಬೇಕು, ಖಾರ ಮಾತ್ರ ಮಂದವಾಗಿರಬೇಕು. ಗುಂಟೂರಿನ ಕಾಯಿಯಾದರೋ ನುಣುಪು, ಖಾರವೂ ಹೆಚ್ಚು. ಬ್ಯಾಡಗಿಯಲ್ಲಿಯೂ ಎರಡು ಭೇದಗಳುಂಟು: ಉದ್ದವಾಗಿ ಸಣ್ಣಗೆ ಬೆಳೆಯುವುದು ‘ಕಡ್ಡಿ’, ಗಿಡ್ಡವಾಗಿ ಉಬ್ಬಿ ಬೀಜ ಹೆಚ್ಚಿರುವುದು ‘ಡಬ್ಬಿ’. ರೈತರಿಟ್ಟ ಈ ಹೆಸರುಗಳು ಅನೇಕ ಶಾಸ್ತ್ರೀಯ ಪರಿಭಾಷೆಗಳಿಗಿಂತ ಸ್ಪಷ್ಟವಾಗಿವೆ.

ನಿಜವಾದ ತೊಡಕು ಸಂಕರ ತಳಿಗಳಲ್ಲಿದೆ. ಸುಕ್ಕಿನಲ್ಲಿಯೂ ಬಣ್ಣದಲ್ಲಿಯೂ ಬ್ಯಾಡಗಿಯನ್ನೇ ಹೋಲುವ ಸಂಕರಗಳು ಈಗ ಬೆಳೆಯಲ್ಲಿವೆ. 2011ರಲ್ಲಿ ದೊರೆತ ಭೌಗೋಳಿಕ ಸೂಚಕದ ಮನ್ನಣೆಯು ಪೊಟ್ಟಣದೊಳಗಣ ಬೀಜವನ್ನು ಪರೀಕ್ಷಿಸಿ ಕೊಡುವುದಿಲ್ಲ. ಅಲ್ಲಿ ಇನ್ನೊಂದು ತಲೆಮಾರು ಕಾಯಬೇಕು. ಮೊಗ್ಗಿಗೆ ತೆಳುಬಟ್ಟೆ ಕಟ್ಟಿ, ಅನ್ಯ ಗಿಡದ ಪರಾಗ ಸೋಕದಂತೆ ಪಡೆದ ಬೀಜವನ್ನು ಬಿತ್ತಿದರೆ, ನಾಟಿ ತಳಿಯ ಸಂತತಿಯು ಬಹುಮಟ್ಟಿಗೆ ತಾಯಿಯನ್ನು ಹೋಲುತ್ತದೆ. ಸಂಕರದ ಸಂತತಿಯು ನಾನಾ ರೂಪವಾಗಿ ಚದರುತ್ತದೆ. ತರಕಾರಿಯ ಸಂಕರ ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರು ಸೀಮೆಯ ರೈತರಿಗೆ ಇದು ತಿಳಿದ ಮಾತು. ಕುಂಡದಲ್ಲಿ ಬೆಳೆಸುವವರು ಅಲ್ಲಿಯವರೆಗೆ ಚೀಟಿಯನ್ನೂ ರಸೀದಿಯನ್ನೂ ಜೋಪಾನವಾಗಿಡುವುದು ಲೇಸು.