‘ಅನ್‌ಲೆಸ್’ ಪದವನ್ನು ಬಳಸುವುದು ಹೇಗೆ?



ಇಂಗ್ಲಿಷ್‌ನಲ್ಲಿ ಆ್ಯಂಡ್, ಬಟ್, ಬಿಕಾಸ್, ಇಫ್ ಮೊದಲಾದ ಪದಗಳಿಗೆ ಕಂಜಂಕ್ಷನ್ ಎನ್ನುತ್ತಾರೆ. ಎರಡು ಮಾತುಗಳನ್ನು ಬೆಸೆಯುವುದು ಇವುಗಳ ಕೆಲಸ. ಇವೆಲ್ಲ ನಮಗೆ ಬೇಗ ಅಭ್ಯಾಸ ಆಗುತ್ತವೆ. ಆದರೆ ‘ಅನ್‌ಲೆಸ್’ ಅನ್ನೋ ಪದ ಮಾತ್ರ ಕೈ ಕೊಡುತ್ತದೆ. ಅದರ ಬಗ್ಗೆ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ಚಿಕ್ಕ ತರಗತಿಯ ತಮ್ಮ ತಂಗಿಯರೂ ಓದಲಿ ಅಂತ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ.

ಮೊದಲು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ನಮ್ಮ ತಾತ ತೀರಿಕೊಂಡ ಮೇಲೆ ಅಜ್ಜಿಗೆ ಪಿಂಚಣಿ ಬರುತ್ತಿದೆ. ಹೋದ ವರ್ಷ ನವೆಂಬರ್‌ನಲ್ಲಿ ಅಜ್ಜಿಯ ಹೆಸರಿಗೆ ಇಂಗ್ಲಿಷ್‌ನಲ್ಲಿ ಒಂದು ಕಾಗದ ಬಂತು. “ಏನ್ ಬರ್ದವ್ರೆ ಓದು ಮಗ” ಅಂತ ಅಜ್ಜಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಹೀಗಿತ್ತು:

“ಅನ್‌ಲೆಸ್ ದಿ ಲೈಫ್ ಸರ್ಟಿಫಿಕೇಟ್ ಈಸ್ ಸಬ್‌ಮಿಟೆಡ್ ಬೈ 30 ನವೆಂಬರ್, ದಿ ಪೆನ್ಷನ್ ವಿಲ್ ಬಿ ಸ್ಟಾಪ್ಡ್.”

ಲೈಫ್ ಸರ್ಟಿಫಿಕೇಟ್ ಅಂದ್ರೆ ಪಿಂಚಣಿ ಪಡೆಯುವವರು ಬದುಕಿದ್ದಾರೆ ಎಂದು ತೋರಿಸುವ ಪತ್ರ. ನಾನು ವಾಕ್ಯದಲ್ಲಿ ‘ನಾಟ್’ ಎಲ್ಲಿದೆ ಅಂತ ಹುಡುಕಿದೆ. ಎಲ್ಲೂ ಇರಲಿಲ್ಲ. ಅನ್‌ಲೆಸ್ ಅಂದ್ರೆ ‘ಇಫ್’ ಥರ ಇರಬೇಕು ಅಂದುಕೊಂಡು, “ಸರ್ಟಿಫಿಕೇಟ್ ಕೊಟ್ರೆ ಪಿಂಚಣಿ ನಿಲ್ಲಿಸ್ತಾರಂತೆ ಅಜ್ಜಿ” ಎಂದೆ. “ಹಂಗಾದ್ರೆ ಕೊಡೋದೇ ಬ್ಯಾಡ ಬುಡು” ಅಂದರು ಅಜ್ಜಿ. ಡಿಸೆಂಬರ್ ತಿಂಗಳ ಪಿಂಚಣಿ ಬರಲಿಲ್ಲ. ಅಜ್ಜಿ ಬಿಪಿ ಮಾತ್ರೆಯನ್ನು ಸಾಲ ತಂದು ನುಂಗಿದರು, ಬ್ಯಾಂಕಿಗೆ ಎರಡು ಸಲ ಅಲೆದರು. ಆಮೇಲೆ ಸರ್ಟಿಫಿಕೇಟ್ ಕೊಟ್ಟ ಮೇಲೆ ಬಾಕಿ ಹಣವೂ ಸೇರಿ ಬಂತು. ಕಾಗದ ಬರೆದವರದು ಏನೂ ತಪ್ಪಿಲ್ಲ, ತಪ್ಪು ಓದಿದ ನನ್ನದೇ. ಅನ್‌ಲೆಸ್ ಅನ್ನೋ ಒಂದು ಪದ ಗೊತ್ತಿಲ್ಲದ್ದಕ್ಕೆ ಇಷ್ಟೆಲ್ಲಾ ಆಯಿತು.

ಹಾಗಾದರೆ ಅನ್‌ಲೆಸ್ ಅಂದರೇನು? ‘ಇಫ್’ ಮತ್ತು ‘ನಾಟ್’ ಎರಡೂ ಸೇರಿದ ಪದ ಎಂದು ತಿಳಿಯಿರಿ. ‘ಇಲ್ಲ’ ಎನ್ನುವುದು ಆ ಪದದ ಒಳಗೇ ಇದೆ. ಈ ಎರಡು ವಾಕ್ಯ ನೋಡಿ:

“ಇಫ್ ಯು ಡು ನಾಟ್ ವಾಟರ್ ದಿ ಪ್ಲಾಂಟ್, ಇಟ್ ವಿಲ್ ಡೈ.”
“ಅನ್‌ಲೆಸ್ ಯು ವಾಟರ್ ದಿ ಪ್ಲಾಂಟ್, ಇಟ್ ವಿಲ್ ಡೈ.”

ಎರಡಕ್ಕೂ ಅರ್ಥ ಒಂದೇ: ಗಿಡಕ್ಕೆ ನೀರು ಹಾಕದಿದ್ದರೆ ಅದು ಒಣಗಿ ಹೋಗುತ್ತದೆ. ಎರಡನೆಯ ವಾಕ್ಯದಲ್ಲಿ ‘ಡು ನಾಟ್’ ಹೋಗಿದೆ. ನಾವು ಸಾಮಾನ್ಯವಾಗಿ “ಅನ್‌ಲೆಸ್ ಯು ಡು ನಾಟ್ ವಾಟರ್” ಎಂದು ಬರೆಯುತ್ತೇವೆ. ಆಗ ಎರಡು ‘ಇಲ್ಲ’ ಸೇರಿ ಅರ್ಥ ತಲೆಕೆಳಗಾಗುತ್ತದೆ. ನೀರು ಹಾಕಿದರೆ ಗಿಡ ಸಾಯುತ್ತೆ ಅಂದಹಾಗಾಯಿತು!

ಈ ತಪ್ಪು ನಮಗೇ ಯಾಕೆ ಆಗುತ್ತದೆ? ಕನ್ನಡದಲ್ಲಿ ‘ಇಲ್ಲ’ ಎಂಬುದು ಕ್ರಿಯಾಪದದೊಳಗೆ ಸೇರಿರುತ್ತದೆ: ಬರದಿದ್ದರೆ, ಓದದಿದ್ದರೆ, ಕೊಡದಿದ್ದರೆ. ಇಂಗ್ಲಿಷ್ ಬರೆಯುವಾಗಲೂ ಕ್ರಿಯಾಪದದ ಹತ್ತಿರ ಒಂದು ‘ನಾಟ್’ ಇರಲೇಬೇಕು ಅನ್ನಿಸುತ್ತದೆ. ಇನ್ನೊಂದು ವಿಷಯ ಗಮನಿಸಿ. ಕನ್ನಡದಲ್ಲಿ ‘ಓದಿದ ಹೊರತು ಪಾಸಾಗಲ್ಲ’ ಅಂತಲೂ ಹೇಳ್ತಾರೆ, ‘ಓದದ ಹೊರತು ಪಾಸಾಗಲ್ಲ’ ಅಂತಲೂ ಹೇಳ್ತಾರೆ. ಎರಡನ್ನೂ ಕೇಳಿದವರು ಒಂದೇ ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ಕಿವಿಗೆ ಇದು ರೂಢಿ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಅಲ್ಲಿ ‘ಓದಿದ ಹೊರತು’ ಎಂಬುದನ್ನೇ ನೆನಪಿಟ್ಟುಕೊಂಡರೆ ಅನ್‌ಲೆಸ್ ಸರಿಯಾಗಿ ಕೂರುತ್ತದೆ.

ಈ ಪದ ಹುಟ್ಟಿದ ರೀತಿಯೂ ಸ್ವಾರಸ್ಯವಾಗಿದೆ. ‘ಅನ್‌ಹ್ಯಾಪಿ’ಯಲ್ಲಿ ಬರುವ ‘ಅನ್’ಗೂ ಇದಕ್ಕೂ ಸಂಬಂಧ ಇಲ್ಲ. ಹಳೆಯ ಇಂಗ್ಲಿಷಿನವರು ‘ಆನ್ ಲೆಸ್ ದ್ಯಾನ್’ ಎಂದು ಬಿಡಿಬಿಡಿಯಾಗಿ ಹೇಳುತ್ತಿದ್ದರು. ‘ಇಷ್ಟಕ್ಕಿಂತ ಕಡಿಮೆ ಷರತ್ತಿನ ಮೇಲೆ’ ಎಂದು ಅದರ ಅರ್ಥ. ಹೇಳಿ ಹೇಳಿ ಎರಡು ಪದ ಒಂದಾಗಿ, ‘ಆನ್’ ಹೋಗಿ ‘ಅನ್’ ಆಯಿತು. ಸಂತೆಯಲ್ಲಿ ವ್ಯಾಪಾರಿ “ನೂರು ರೂಪಾಯಿಗಿಂತ ಕಡಿಮೆಗೆ ಕೊಡಲ್ಲ” ಅನ್ನುವುದಿಲ್ಲವೇ, ಹಾಗೆಯೇ ಇದು. ಅಷ್ಟು ಆದರೆ ಮಾತ್ರ ಕೆಲಸ, ಇಲ್ಲದಿದ್ದರೆ ಇಲ್ಲ.

ಇನ್ನು ಬರೆಯುವಾಗ ನೆನಪಿಡಬೇಕಾದ ಅಂಶಗಳು.

1. ಅನ್‌ಲೆಸ್ ಇರುವ ಭಾಗದಲ್ಲಿ ‘ವಿಲ್’ ಹಾಕಬಾರದು. “ಅನ್‌ಲೆಸ್ ಇಟ್ ವಿಲ್ ರೇನ್” ತಪ್ಪು. “ಅನ್‌ಲೆಸ್ ಇಟ್ ರೇನ್ಸ್, ವಿ ವಿಲ್ ನಾಟ್ ಸೋ ರಾಗಿ” ಸರಿ. ಅಂದರೆ, ಮಳೆ ಬಂದ ಹೊರತು ರಾಗಿ ಬಿತ್ತುವುದಿಲ್ಲ. ಇದರಲ್ಲಿ ಆಶ್ಚರ್ಯ ಏನಿಲ್ಲ. ನಾವೂ ನಾಳೆಯ ಮಳೆಗೆ ‘ಬಂದರೆ’ ಅನ್ನುತ್ತೇವೆಯೇ ಹೊರತು ‘ಬರುವುದರೆ’ ಅನ್ನುವುದಿಲ್ಲ.

2. ಅನ್‌ಲೆಸ್ ಭಾಗ ಮೊದಲು ಬಂದರೆ ನಡುವೆ ಅಲ್ಪವಿರಾಮ ಹಾಕಬೇಕು. ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಕಿಲ್ಲ: “ವಿ ವಿಲ್ ನಾಟ್ ಸೋ ರಾಗಿ ಅನ್‌ಲೆಸ್ ಇಟ್ ರೇನ್ಸ್.”

3. ಅನ್‌ಲೆಸ್ ಬೇರೆ, ‘ಅಂಟಿಲ್’ ಬೇರೆ. ಅಂಟಿಲ್ ಅಂದ್ರೆ ‘ತನಕ’, ಅದು ಸಮಯ ಹೇಳುತ್ತದೆ. “ವೇಟ್ ಹಿಯರ್ ಅಂಟಿಲ್ ದಿ ಬಸ್ ಕಮ್ಸ್” ಅಂದ್ರೆ ಬಸ್ಸು ಬರೋತನಕ ಇಲ್ಲೇ ಕಾಯಿ ಅಂತ. ಅನ್‌ಲೆಸ್ ಷರತ್ತು ಹೇಳುತ್ತದೆ.

4. ‘ಇಫ್ ನಾಟ್’ ಇದ್ದ ಕಡೆಯೆಲ್ಲ ಅನ್‌ಲೆಸ್ ಹಾಕಲು ಆಗುವುದಿಲ್ಲ. ಇದು ಸ್ವಲ್ಪ ಕಷ್ಟ, ನಿಧಾನವಾಗಿ ಓದಿ. ‘ನೀನು ಜಾತ್ರೆಗೆ ಬರದಿದ್ದರೆ ನನಗೆ ಬೇಜಾರಾಗುತ್ತೆ’ ಎನ್ನಲು “ಐ ವಿಲ್ ಬಿ ಸ್ಯಾಡ್ ಇಫ್ ಯು ಡು ನಾಟ್ ಕಮ್” ಎಂದೇ ಬರೆಯಬೇಕು. ಇಲ್ಲಿ ನೀನು ಬರದಿರುವುದೇ ಬೇಜಾರಿಗೆ ಕಾರಣ. “ಐ ವಿಲ್ ಬಿ ಸ್ಯಾಡ್ ಅನ್‌ಲೆಸ್ ಯು ಕಮ್” ಅಂದರೆ, ನಾನು ಹೇಗೂ ಬೇಜಾರಿನಲ್ಲೇ ಇರುತ್ತೇನೆ, ನೀನು ಬಂದರೆ ಮಾತ್ರ ಅದು ಹೋಗುತ್ತೆ ಎಂಬಂತಾಗುತ್ತದೆ. ಹಾಗೆಯೇ, ನಡೆದುಹೋದದ್ದನ್ನು ನೆನೆದು ‘ಗೆಳೆಯ ಎಬ್ಬಿಸದಿದ್ದರೆ ನನಗೆ ಬಸ್ಸು ತಪ್ಪಿಹೋಗುತ್ತಿತ್ತು’ ಎನ್ನುವಾಗ “ಇಫ್ ಮೈ ಫ್ರೆಂಡ್ ಹ್ಯಾಡ್ ನಾಟ್ ವೋಕನ್ ಮಿ, ಐ ವುಡ್ ಹ್ಯಾವ್ ಮಿಸ್ಡ್ ದಿ ಬಸ್” ಎನ್ನಬೇಕು. ಅಲ್ಲಿ ಅನ್‌ಲೆಸ್ ಹೊಂದುವುದಿಲ್ಲ.

ನಮ್ಮ ಗಾದೆ ‘ಕೈ ಕೆಸರಾದರೆ ಬಾಯಿ ಮೊಸರು’ ಎಲ್ಲರಿಗೂ ಗೊತ್ತು. ಅದನ್ನೇ ಹೀಗೆ ತಿರುಗಿಸಬಹುದು: “ಅನ್‌ಲೆಸ್ ಯುವರ್ ಹ್ಯಾಂಡ್ಸ್ ಗೆಟ್ ಮಡ್ಡಿ, ಯು ವಿಲ್ ನಾಟ್ ಈಟ್ ಕರ್ಡ್.”

ಈಗ ನೀವೇ ಮಾಡಿ ನೋಡಿ. ಅನ್‌ಲೆಸ್ ಬಳಸಿ ಬರೆಯಿರಿ:
ಅ) ಇಫ್ ಯು ಡು ನಾಟ್ ರನ್, ಯು ವಿಲ್ ಮಿಸ್ ದಿ ಬಸ್.
ಆ) ಇಫ್ ಷಿ ಡಸ್ ನಾಟ್ ಟೇಕ್ ದಿ ಟ್ಯಾಬ್ಲೆಟ್, ಷಿ ವಿಲ್ ಫಾಲ್ ಇಲ್.

ಉತ್ತರ:
ಅ) ಅನ್‌ಲೆಸ್ ಯು ರನ್, ಯು ವಿಲ್ ಮಿಸ್ ದಿ ಬಸ್.
ಆ) ಅನ್‌ಲೆಸ್ ಷಿ ಟೇಕ್ಸ್ ದಿ ಟ್ಯಾಬ್ಲೆಟ್, ಷಿ ವಿಲ್ ಫಾಲ್ ಇಲ್. ‘ಡಸ್’ ಹೋದ ಮೇಲೆ ‘ಟೇಕ್’ಗೆ ‘ಸ್’ ಸೇರಿದ್ದನ್ನು ಗಮನಿಸಿ. ಇಲ್ಲೇ ಹೆಚ್ಚು ಜನ ಮಾರ್ಕ್ಸ್ ಕಳೆದುಕೊಳ್ಳುವುದು.

ಸ್ನೇಹಿತರೇ, ಮನೆಗೆ ಇಂಗ್ಲಿಷ್ ಕಾಗದ ಬಂದರೆ ದೊಡ್ಡವರು ನಮ್ಮ ಕೈಗೇ ಕೊಡುತ್ತಾರೆ. ನಾವು ಹೇಳಿದ್ದನ್ನೇ ನಂಬುತ್ತಾರೆ. ಆದ್ದರಿಂದ ಅನ್‌ಲೆಸ್ ಕಂಡ ಕೂಡಲೇ ಒಂದು ನಿಮಿಷ ನಿಂತು, ‘ಇದರೊಳಗೆ ಒಂದು ಇಲ್ಲ ಇದೆ’ ಅಂತ ನೆನಪಿಸಿಕೊಂಡು ಆಮೇಲೆ ಅರ್ಥ ಹೇಳಿ. ಗೊತ್ತಾಗದಿದ್ದರೆ ಮೇಷ್ಟ್ರನ್ನು ಕೇಳಿ, ನಾಚಿಕೆ ಬೇಡ. ನಾನು ಅವತ್ತು ಕೇಳಿದ್ದರೆ ಅಜ್ಜಿ ಅಲೆಯಬೇಕಾಗಿರಲಿಲ್ಲ. ಈ ಬರಹದಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಇಂಕಿನಲ್ಲಿ ಇಲ್ಲೇ ತಿದ್ದಬೇಕಾಗಿ ವಿನಂತಿ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ