ತೂಕದ ಯಂತ್ರ ಹೇಳದ ಮಾತು

ಊರಿನಿಂದ ಬಂದ ನೆಂಟರು ನನ್ನನ್ನು ಕಂಡೊಡನೆ, "ಏನಪ್ಪಾ, ಪುಣೆಯ ನೀರು ಹಿಡಿಸಲಿಲ್ಲವೇ? ಇನ್ನೂ ಸಣಕಲಾಗಿಯೇ ಇದ್ದೀಯಲ್ಲ!" ಎನ್ನುವುದು ವಾಡಿಕೆ. ಅದನ್ನು ಹೊಗಳಿಕೆಯೆಂದೇ ಭಾವಿಸಿ ಹಿಗ್ಗುತ್ತಿದ್ದೆ. ಕಳೆದ ದೀಪಾವಳಿಗೆ ಬಟ್ಟೆ ಹೊಲಿಸಲು ಹೋದಾಗ ದರ್ಜಿಯ ಟೇಪು ಬೇರೆಯೇ ಮಾತು ಹೇಳಿತು. ತೂಕ ಹಳೆಯದೇ, ತೋಳುಗಳು ಬಡಕಲೇ. ಸೊಂಟ ಮಾತ್ರ ಎರಡು ಇಂಚು ಹೆಚ್ಚು! ತಂದೆಯವರಿಗೆ ಸಿಹಿಮೂತ್ರ ರೋಗವಿದ್ದುದು ನೆನಪಾಗಿ ರಕ್ತ ಪರೀಕ್ಷೆ ಮಾಡಿಸಿದೆ. ಬರಿಹೊಟ್ಟೆಯ ಸಕ್ಕರೆ 112. ರೋಗ ಇನ್ನೂ ಒಳಗೆ ಬಂದಿರಲಿಲ್ಲ, ಹೊಸ್ತಿಲಲ್ಲಿ ನಿಂತಿತ್ತು.

ಸಣಕಲು ಮೈಯಲ್ಲೂ ಕೊಬ್ಬು ಅಡಗಿರುವುದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ನಮ್ಮ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಪ್ರಮುಖರು. 2004ರಲ್ಲಿ ಅವರೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ನರೂ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ತಮ್ಮಿಬ್ಬರ ಮೈಯನ್ನೇ ಉದಾಹರಣೆಯಾಗಿ ಮುಂದಿಟ್ಟರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿ.ಎಂ.ಐ. ಇಬ್ಬರಿಗೂ 22.3. ಆದರೆ ಮೈಯೊಳಗಿನ ಕೊಬ್ಬು ಯುಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2! ಯುಡ್ಕಿನ್ನರು ಮ್ಯಾರಥಾನ್ ಓಟಗಾರರು. ಯಾಜ್ಞಿಕರ ಮುಖ್ಯ ವ್ಯಾಯಾಮವೆಂದರೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವುದರೊಳಗೆ ಓಡಿ ಸೇರುವುದು ಎಂದು ಲೇಖನದಲ್ಲಿ ವಿನೋದವೂ ಇದೆ.

ಓಟವೊಂದೇ ಕಾರಣವಲ್ಲ. ಪುಣೆಯ ಸುತ್ತಣ ಹಳ್ಳಿಗಳ ಕೂಸುಗಳು ಹುಟ್ಟುವಾಗ ಸರಾಸರಿ ಸುಮಾರು 2.7 ಕಿಲೋ ತೂಗಿದರೆ, ಇಂಗ್ಲೆಂಡಿನ ಸೌತಾಂಪ್ಟನ್ನಿನವು 3.5 ಕಿಲೋ ಎಂದು ಅವರ ತಂಡ ಕಂಡುಕೊಂಡಿತು. ನಮ್ಮ ಕೂಸುಗಳಲ್ಲಿ ಮಾಂಸಖಂಡ ಕುಗ್ಗಿದಷ್ಟು ಕೊಬ್ಬು ಕುಗ್ಗಿರಲಿಲ್ಲ.

ಆದುದರಿಂದ ತೂಕದ ಯಂತ್ರವನ್ನೊಂದನ್ನೇ ನಂಬಬಾರದು. ಭಾರತೀಯ ಗಂಡಸರ ಸೊಂಟ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ದಾಟಿದರೆ ಎಚ್ಚರ ವಹಿಸಬೇಕೆಂಬುದು ತಜ್ಞರ ಮತ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಎಳೆದುಕೊಂಡರೆ ಮೋಸಹೋಗುವವರು ನಾವೇ!

ಉಪಾಯವೇನು? ಉಪವಾಸ ಬಿದ್ದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಊಟದ ಸಕ್ಕರೆಯನ್ನು ಹೀರಿಕೊಳ್ಳುವುದೇ ಮಾಂಸಖಂಡ; ಅದನ್ನು ಕಳೆದುಕೊಳ್ಳುವುದು ನಮಗೆ ನಷ್ಟ. ಬರೀ ನಡಿಗೆಯೂ ಸಾಲದು. ಅರ್ಧ ಗಂಟೆ ಬಿರುಸಾಗಿ ನಡೆದರೆ ವೆಚ್ಚವಾಗುವುದು ಸುಮಾರು 130 ಕ್ಯಾಲೊರಿ. ಮೂರು ಟೀ ಚಮಚ ಎಣ್ಣೆಯಲ್ಲಿ ಅಷ್ಟೂ ಇದೆ. ಪರ್ವತಿ ಗುಡ್ಡ ಹತ್ತಿಳಿದು ಮಿಸಳ್ ಅಂಗಡಿಗೆ ನುಗ್ಗುವವರು ಈ ಲೆಕ್ಕವನ್ನು ನೆನೆಯಬೇಕು.

ನಮ್ಮ ಮನೆಯಲ್ಲಿ ಹೀಗೆ ಮಾಡಿದೆವು. ಅನ್ನ ಅರ್ಧಕ್ಕಿಳಿಯಿತು, ಹೆಸರುಕಾಳು, ಹುರುಳಿ, ಸೊಪ್ಪು, ಕೋಸಂಬರಿ ಹೆಚ್ಚಿದವು. ನಮ್ಮ ಜೋಳದ ರೊಟ್ಟಿಯೇ ಇಲ್ಲಿನ ಭಾಕರಿ. ಊರ ಊಟಕ್ಕೆ ಪರಊರಲ್ಲಿ ಕೊರತೆಯಿಲ್ಲ. ಆದರೆ ಅದೂ ಲೆಕ್ಕವಿಟ್ಟು ಎರಡೇ. ಚಹಾದ ಸಕ್ಕರೆ ಮೆಲ್ಲಗೆ ಬಿಟ್ಟುಹೋಯಿತು. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ, ಎರಡು ದಿನ ಬೈಠಕ್ ಮತ್ತು ಗೋಡೆಗೆ ಕೈಯಿಟ್ಟು ದಂಡ. ಹೃದ್ರೋಗವಿರುವವರೂ ಸಕ್ಕರೆಗೆ ಔಷಧಿ ತೆಗೆದುಕೊಳ್ಳುವವರೂ ಮೊದಲು ವೈದ್ಯರನ್ನು ಕೇಳತಕ್ಕದ್ದು.

ಆರು ತಿಂಗಳಾಯಿತು. ತೂಕ ಇಳಿದದ್ದು ಒಂದೇ ಕಿಲೋ, ಸೊಂಟ ಒಂದೂವರೆ ಇಂಚು, ಸಕ್ಕರೆ 98. ನೆಂಟರು ಈಗಲೂ "ಸಣಕಲಾಗಿದ್ದೀಯಲ್ಲ" ಎನ್ನುತ್ತಾರೆ. ನಾನು ನಗುತ್ತಾ ಅವರ ಕೈಗೆ ಟೇಪು ಕೊಡುತ್ತೇನೆ.